ಒಂದೇ ಹೊತ್ತು ಅಂದ್ರೆ ಎಷ್ಟು ಹೊತ್ತು?

ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ಕನ್ಕರೆಂಟ್ ಆಡಿಟ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಊರಿಗೆ ಹೋದಾಗ ಯಾರಾದರೂ ಕೇಳಿದರೆ "ಬ್ಯಾಂಕಿನ ಲೆಕ್ಕ ನೋಡುವ ಕೆಲಸ" ಅಂದು ಮುಗಿಸಿಬಿಡುತ್ತೇನೆ. ಆ ಕನ್ಕರೆಂಟ್ ಎಂಬ ಬಾಲವನ್ನು ವಿವರಿಸಲು ಹೋದರೆ ಊಟ ತಣ್ಣಗಾಗುತ್ತದೆ. ವರ್ಷದ ಕೊನೆಗೆ ಬಂದು ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವವರು ಬೇರೆ. ನಮ್ಮದು ವ್ಯವಹಾರ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ನೋಡುವ ಕೆಲಸ. ನಿನ್ನೆ ಕೊಟ್ಟ ಸಾಲದ ಕಾಗದ ಇವತ್ತು ನಮ್ಮ ಮೇಜಿಗೆ ಬರಬೇಕು.

ನಮ್ಮಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದಿನ ಜೊತೆಗಿನ ತರಬೇತಿ, ಮಾಡುವ ಹುಡುಗಿ ಒಬ್ಬಳಿದ್ದಾಳೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಅಪ್ಪನದು ಉಡುಪಿ ಹೋಟೆಲು. ಚುರುಕು. ಮೊನ್ನೆ ತಿಂಗಳ ರಿಪೋರ್ಟಿನ ಕರಡು ತಂದಳು. ಕನ್ಕರೆಂಟ್ ಎಂದು ಇರಬೇಕಾದ ಕಡೆ ಒಮ್ಮೆ ಸೈಮಲ್ಟೇನಿಯಸ್, ಒಮ್ಮೆ ಸಿಂಕ್ರನಸ್, ಇನ್ನೊಂದು ಕಡೆ ಕಂಟೆಂಪರರಿ!

"ಒಂದೇ ಪದ ಪದೇ ಪದೇ ಬಂದ್ರೆ ಚೆನ್ನಾಗಿರಲ್ಲ ಅಲ್ವಾ ಸರ್? ಎಲ್ಲದರ ಅರ್ಥ ಒಂದೇ ತಾನೇ?"

"ಕಂಟೆಂಪರರಿ ಆಡಿಟರ್ ಅಂದ್ರೆ ಈಗಿನ ಕಾಲದ ಆಡಿಟರ್ ಅಂತಾಗುತ್ತೆ ಮಾರಾಯ್ತಿ. ಹಾಗಾದ್ರೆ ಹಳೇ ಕಾಲದವನು ಯಾರು, ನಾನಾ?"

ಅವಳು ನಕ್ಕು ತಿದ್ದಿಕೊಂಡು ಹೋದಳು. ಡಿಕ್ಷನರಿ ತೆಗೆದರೆ ಅವಳ ಮಾತೇ ಸರಿ ಅನಿಸುತ್ತದೆ. ಎಲ್ಲಕ್ಕೂ "ಒಂದೇ ಕಾಲದ", "ಏಕಕಾಲದ" ಎಂಬ ಅರ್ಥವೇ ಇರುತ್ತದೆ. ಆದರೆ ಈ ಪದಗಳನ್ನು ಅರ್ಥ ನೋಡಿ ಬೇರೆ ಮಾಡಲು ಆಗುವುದಿಲ್ಲ. ಒಂದೊಂದು ಪದವೂ ಎಷ್ಟು ಹಿಂದೆಮುಂದೆ ಆದರೆ ಸಹಿಸಿಕೊಳ್ಳುತ್ತದೆ ಎಂದು ನೋಡಬೇಕು. ಒಂದು ಪದ ಕ್ಷಣದ ವ್ಯತ್ಯಾಸವನ್ನೂ ತಡೆಯುವುದಿಲ್ಲ. ಇನ್ನೊಂದಕ್ಕೆ ಸಾವಿರಾರು ವರ್ಷ ಹೋದರೂ ಚಿಂತೆ ಇಲ್ಲ.

ನನ್ನ ಅನ್ನದ ಪದದಿಂದಲೇ ಶುರು ಮಾಡುತ್ತೇನೆ. ಬ್ಯಾಂಕುಗಳಲ್ಲಿ ಕನ್ಕರೆಂಟ್ ಆಡಿಟ್ ವ್ಯವಸ್ಥೆಯನ್ನು ಆರ್‌ಬಿಐ ತಂದದ್ದು 1993ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಷೇರು ಮಾರುಕಟ್ಟೆಯ ದೊಡ್ಡ ಹಗರಣ ಈ ಊರನ್ನು ಅಲ್ಲಾಡಿಸಿತ್ತು. ವರ್ಷಕ್ಕೊಮ್ಮೆ ಲೆಕ್ಕ ನೋಡಿದರೆ ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ ಎಂದು ಎಲ್ಲರಿಗೂ ಅರ್ಥವಾಗಿತ್ತು. ಆರ್‌ಬಿಐ ಕೊಟ್ಟ ವ್ಯಾಖ್ಯೆ ನನಗೆ ತುಂಬಾ ಇಷ್ಟ. ವ್ಯವಹಾರ ನಡೆಯುವ ಕಾಲದಲ್ಲೇ, ಅಥವಾ ಸಾಧ್ಯವಾದಷ್ಟು ಅದರ ಹತ್ತಿರದಲ್ಲೇ ಮಾಡುವ ಪರಿಶೀಲನೆ ಎನ್ನುತ್ತದೆ ಅದು. ಆ "ಸಾಧ್ಯವಾದಷ್ಟು ಹತ್ತಿರ" ಇದೆಯಲ್ಲ, ನಮ್ಮ ಬದುಕು ನಡೆಯುವುದೇ ಅದರಲ್ಲಿ. ಚೆಕ್ ಪಾಸು ಮಾಡುವ ಕ್ಷಣದಲ್ಲಿ ಕ್ಲರ್ಕಿನ ಹೆಗಲ ಮೇಲಿಂದ ಇಣುಕಿ ನೋಡಲು ಯಾರಿಂದಲೂ ಆಗುವುದಿಲ್ಲ. ಒಂದು ದಿನ, ಎರಡು ದಿನ ತಡವಾದರೂ ಅದು ಕನ್ಕರೆಂಟೇ. ತಿಂಗಳು ತಡವಾದರೆ ಅಲ್ಲ.

ಈ ಪದದ ಲ್ಯಾಟಿನ್ ಬೇರಿನಲ್ಲಿ ಓಟ ಇದೆ. ಜೊತೆಯಾಗಿ ಓಡುವುದು. ಓಟದಲ್ಲಿ ಒಬ್ಬ ಒಂದು ಹೆಜ್ಜೆ ಮುಂದಿರಬಹುದು, ಇನ್ನೊಬ್ಬ ಮೊದಲೇ ನಿಲ್ಲಬಹುದು. ಅಷ್ಟು ದೂರ ಜೊತೆಗಿದ್ದರು ಎಂಬುದು ಮುಖ್ಯ. ಕೋರ್ಟಿನಲ್ಲಿ ಈ ಪದವನ್ನು ಬಳಸುವುದು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಒಂದೇ ವಿಚಾರಣೆಯಲ್ಲಿ ಒಬ್ಬನ ಮೇಲೆ ಮೂರು ಅಪರಾಧ ಸಾಬೀತಾಯಿತು ಅನ್ನಿ. ಒಂದಕ್ಕೆ 2 ವರ್ಷ, ಒಂದಕ್ಕೆ 3, ಇನ್ನೊಂದಕ್ಕೆ 5. ಶಿಕ್ಷೆಗಳು ಕನ್ಕರೆಂಟ್ ಆಗಿ ನಡೆಯಲಿ ಎಂದು ನ್ಯಾಯಾಧೀಶರು ಬರೆದರೆ ಅವನು 5 ವರ್ಷಕ್ಕೆ ಹೊರಗೆ. ಒಂದಾದ ಮೇಲೊಂದು ಎಂದರೆ 10 ವರ್ಷ ಒಳಗೆ. ಒಂದು ಪದಕ್ಕೆ ಐದು ವರ್ಷದ ಬೆಲೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 31ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಆ ಪದ ಬರೆಯದಿದ್ದರೆ ಶಿಕ್ಷೆಗಳು ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಕೆಳಗಿನ ಕೋರ್ಟು ಆ ಒಂದು ಪದ ಬರೆಯಲಿಲ್ಲ ಎಂದು ಮೇಲಿನ ಕೋರ್ಟಿಗೆ ಓಡುವವರಿದ್ದರು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಸೆಕ್ಷನ್, ಅಪರಾಧ ಎಷ್ಟು ಗಂಭೀರ ಎಂದು ನೋಡಿ ಎರಡರಲ್ಲಿ ಯಾವುದೆಂದು ಕೋರ್ಟೇ ಹೇಳಬೇಕು ಅನ್ನುತ್ತದೆ. ಒಳ್ಳೆಯದಾಯಿತು.

ಎರಡು ಜೀವಾವಧಿ ಶಿಕ್ಷೆ ಆದರೆ? ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2016ರಲ್ಲಿ ಇದನ್ನು ಇತ್ಯರ್ಥ ಮಾಡಿತು. ಜೀವಾವಧಿಗಳನ್ನು ಒಂದಾದ ಮೇಲೊಂದು ಅನುಭವಿಸು ಎಂದು ಹೇಳಲು ಬರುವುದಿಲ್ಲ, ಮನುಷ್ಯನಿಗೆ ಇರುವುದು ಒಂದೇ ಜೀವ. ಕಾನೂನಿನ ಭಾಷೆಯಲ್ಲಿ ಇಷ್ಟು ನೇರವಾದ ಮಾತು ಸಿಗುವುದು ಅಪರೂಪ.

ಸಂವಿಧಾನದಲ್ಲೂ ಕನ್ಕರೆಂಟ್ ಪಟ್ಟಿ ಇದೆ, ನಾವು ಸಮವರ್ತಿ ಪಟ್ಟಿ ಎನ್ನುತ್ತೇವೆ. ಶಿಕ್ಷಣ ರಾಜ್ಯದ ಪಟ್ಟಿಯಿಂದ ಅಲ್ಲಿಗೆ ಹೋದದ್ದು 1976ರ 42ನೇ ತಿದ್ದುಪಡಿಯಲ್ಲಿ. ಅಲ್ಲಿನ ವಿಷಯಗಳಿಗೆ ಕಾನೂನು ಮಾಡಲು ಕೇಂದ್ರ, ರಾಜ್ಯ ಎರಡೂ ಜೊತೆಗೆ ಓಡಬಹುದು. ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಯಾರ ಕಾನೂನು ಉಳಿಯುತ್ತದೆ ಎಂದು ಹೇಳಬೇಕಾಗಿಲ್ಲ.

ಕಂಪ್ಯೂಟರಿನವರ ಕನ್ಕರೆನ್ಸಿ ಇನ್ನೂ ಸೂಕ್ಷ್ಮ. ಅವರು ಅದನ್ನು ಪ್ಯಾರಲಲಿಸಂನಿಂದ ಬೇರೆ ಇಡುತ್ತಾರೆ. ನಮ್ಮ ಹುಡುಗಿಗೆ ಅವಳಪ್ಪನ ಅಡುಗೆಮನೆಯಲ್ಲೇ ಇದು ಸಿಗುತ್ತದೆ. ಒಬ್ಬನೇ ಭಟ್ಟರು ಕಾವಲಿಯ ಮೇಲೆ ಆರು ದೋಸೆ ಹರಡಿರುತ್ತಾರೆ. ಮೊದಲನೆಯದಕ್ಕೆ ಎಣ್ಣೆ, ಮೂರನೆಯದಕ್ಕೆ ಪಲ್ಯ, ಐದನೆಯದು ಅಂಚು ಬಿಡುತ್ತಿದೆ, ನಡುವೆ ಒಲೆ ಸಣ್ಣ ಮಾಡುವುದು. ಆರೂ ದೋಸೆ ಏಕಕಾಲಕ್ಕೆ ಆಗುತ್ತಿವೆ, ಆದರೆ ಭಟ್ಟರ ಕೈ ಒಂದು ಕ್ಷಣಕ್ಕೆ ಒಂದೇ ದೋಸೆಯ ಮೇಲೆ. ಅದು ಕನ್ಕರೆನ್ಸಿ. ಪಕ್ಕದಲ್ಲಿ ಇನ್ನೊಂದು ಕಾವಲಿ, ಇನ್ನೊಬ್ಬ ಭಟ್ಟರು ಬಂದರೆ ಪ್ಯಾರಲಲಿಸಂ. ಒಂದೇ ಪ್ರೊಸೆಸರ್ ಇದ್ದ ಹಳೆಯ ಕಂಪ್ಯೂಟರಿನಲ್ಲೂ ಹಾಡು ಕೇಳುತ್ತಾ ಟೈಪ್ ಮಾಡಲು ಆಗುತ್ತಿದ್ದದ್ದು ಹೀಗೇ. ಕೆಲಸದಿಂದ ಕೆಲಸಕ್ಕೆ ಅದು ಎಷ್ಟು ಬೇಗ ಜಿಗಿಯುತ್ತಿತ್ತು ಅಂದರೆ ನಮ್ಮ ಕಿವಿಗೂ ಕಣ್ಣಿಗೂ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಸೈಮಲ್ಟೇನಿಯಸ್. ಈ ಸಾಲಿನಲ್ಲಿ ಬಿಗಿಯಾದ ಪದ ಇದು. ಒಂದೇ ಕ್ಷಣ, ಆಚೆ ಈಚೆ ಇಲ್ಲ. ಹಾಗೆಂದು ಅದು ತೋರಿಸಿಕೊಳ್ಳುತ್ತದೆ. ಬಳಕೆಗೆ ಇಳಿದರೆ ಇದೂ ಸಡಿಲವೇ. ಸೈಮಲ್ಟೇನಿಯಸ್ ಎಲೆಕ್ಷನ್ ಎಂದು ಈಗ ದೊಡ್ಡ ಚರ್ಚೆ ಇದೆಯಲ್ಲ, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ. ಹಿಂದೆ ಹೀಗೇ ನಡೆಯುತ್ತಿತ್ತು, 1967ರವರೆಗೆ ಎಂದು ನೆನಪಿಸುತ್ತಾರೆ. ನಿಜ. ಆದರೆ ಮೊದಲ ಚುನಾವಣೆಯ ಮತದಾನ 1951ರ ಅಕ್ಟೋಬರ್ 25ಕ್ಕೆ ಶುರುವಾಗಿ ಮುಗಿದದ್ದು 1952ರ ಫೆಬ್ರವರಿ 21ಕ್ಕೆ. ಹತ್ತಿರ ಹತ್ತಿರ ನಾಲ್ಕು ತಿಂಗಳು! ರಾಮನಾಥ ಕೋವಿಂದ್ ಸಮಿತಿ 2024ರ ಮಾರ್ಚಿನಲ್ಲಿ ಕೊಟ್ಟ ವರದಿಯಲ್ಲಿ ಪಂಚಾಯಿತಿ, ನಗರಸಭೆ ಚುನಾವಣೆಗಳೂ ಸೇರಿವೆ. ಅವು ಆಗಬೇಕಾದದ್ದು ಮೊದಲಿನವು ಮುಗಿದ 100 ದಿನಗಳ ಒಳಗೆ. ನೂರು ದಿನ ಬಿಟ್ಟು ಬಂದರೂ ಒಟ್ಟಿಗೇ ಬಂದ ಲೆಕ್ಕ. ಟೀಕೆಗೆ ಹೇಳುತ್ತಿಲ್ಲ. ಐದು ವರ್ಷದ ಅವಧಿಯ ಎದುರು ನೂರು ದಿನ ದೊಡ್ಡದಲ್ಲ, ಅಷ್ಟೇ.

ಸೈಮಲ್ಟೇನಿಯಸ್ ಇಂಟರ್‌ಪ್ರಿಟೇಶನ್ ಇನ್ನೊಂದು. ಕಿವಿಗೆ ಹೆಡ್‌ಫೋನ್ ಹಾಕಿ, ಭಾಷಣ ನಡೆಯುತ್ತಿರುವಾಗಲೇ ಬೇರೆ ಭಾಷೆಯಲ್ಲಿ ಹೇಳುತ್ತಾ ಹೋಗುವುದು. ಇದಕ್ಕೆ ಜಗತ್ತಿನಲ್ಲಿ ಹೆಸರು ಬಂದದ್ದು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, 1945ರ ನವೆಂಬರ್ 20ರಂದು ಶುರುವಾದದ್ದು. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್, ನಾಲ್ಕು ಭಾಷೆ. ಮಾತಾಡುವವರ ಎದುರು ಹಳದಿ ದೀಪ ಮಿನುಗಿದರೆ ನಿಧಾನ ಮಾಡಬೇಕು, ಕೆಂಪು ಬಂದರೆ ನಿಲ್ಲಿಸಬೇಕು. ದೀಪ ಯಾಕೆ ಬೇಕಾಯಿತು ಅಂದರೆ ಕೇಳುವುದಕ್ಕೂ ಹೇಳುವುದಕ್ಕೂ ನಡುವೆ ಕೆಲವು ಸೆಕೆಂಡು ಇದ್ದೇ ಇರುತ್ತದೆ. ಜರ್ಮನ್‌ನಲ್ಲಿ ಎಷ್ಟೋ ಸಲ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಇಂಗ್ಲಿಷಿನವನು ಬಾಯಿ ತೆರೆಯುವುದು ಹೇಗೆ? ನಮ್ಮ ಕನ್ನಡಕ್ಕೂ ಇದೇ ಕಥೆ. "ನಾನು ಆ ದುಡ್ಡನ್ನು ಅವರ ಕೈಗೆ" ಎಂದು ಯಾರಾದರೂ ಉಸಿರು ಎಳೆದುಕೊಂಡರೆ, ಕೊಟ್ಟದ್ದೋ ಕೊಡದಿದ್ದದ್ದೋ ಎಂದು ಪಾಪ ಆ ಅನುವಾದಕ ಕಾಯಬೇಕು.

ಹಾಗಾದರೆ ನಿಜವಾಗಿ ಒಂದೇ ಕ್ಷಣ ಎಂಬುದು ಎಲ್ಲಿದೆ? ಐನ್‌ಸ್ಟೈನ್ 1905ರ ಲೇಖನವೊಂದರಲ್ಲಿ ಕೇಳಿದ್ದು ಇದನ್ನೇ. ಅವರು ಆಗ ಬರ್ನ್ ಪಟ್ಟಣದ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದರು. ಉದಾಹರಣೆಗೆ ಹಿಡಿದದ್ದು ರೈಲನ್ನು. ರೈಲು 7 ಗಂಟೆಗೆ ಬರುತ್ತದೆ ಅಂದರೆ, ನನ್ನ ಗಡಿಯಾರದ ಸಣ್ಣ ಮುಳ್ಳು 7ಕ್ಕೆ ಬರುವುದೂ ರೈಲು ಬರುವುದೂ ಒಂದೇ ಕ್ಷಣದಲ್ಲಿ ಆಗುವ ಎರಡು ಘಟನೆಗಳು, ಅಷ್ಟೇ. ಗಡಿಯಾರ ರೈಲಿನ ಪಕ್ಕದಲ್ಲೇ ಇದ್ದರೆ ತಕರಾರಿಲ್ಲ. ದೂರ ಇದ್ದರೆ? ಒಂದು ಗಡಿಯಾರದ ಸಮಯವನ್ನು ಇನ್ನೊಂದಕ್ಕೆ ಮುಟ್ಟಿಸಲು ಬೆಳಕು ಹೋಗಿ ಬರಬೇಕು. ಅಲ್ಲಿಂದ ಲೆಕ್ಕ ಹಿಡಿದು ಹೋದರೆ, ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಏಕಕಾಲಕ್ಕೆ ಆದ ಎರಡು ಘಟನೆಗಳು ಓಡುವ ರೈಲಿನಲ್ಲಿ ಕೂತವನಿಗೆ ಒಂದಾದ ಮೇಲೊಂದು ಆದದ್ದಾಗಬಹುದು. ಇಬ್ಬರೂ ಸರಿ. ನಮ್ಮ ಲೋಕಲ್ ಟ್ರೈನಿನ ವೇಗಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಆದ್ದರಿಂದ ತಡವಾಗಿ ಆಫೀಸಿಗೆ ಹೋಗಿ ಸಾಪೇಕ್ಷತೆಯ ನೆಪ ಹೇಳಲು ಬರುವುದಿಲ್ಲ.

ಆ ಲೇಖನ ಬಂದ ಹೊತ್ತಿಗೆ ಮುಂಬಯಿಯಲ್ಲಿ ಗಡಿಯಾರದ ಜಗಳ ಜೋರಾಗಿತ್ತು. ಇಲ್ಲಿನ ಸೂರ್ಯನಿಗೆ ಹೊಂದಿದ ಬಾಂಬೇ ಟೈಮ್ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ರೈಲುಗಳು ಮಾತ್ರ ಮದ್ರಾಸ್ ಟೈಮಿನಲ್ಲಿ ಓಡುತ್ತಿದ್ದವು, ಅದು ಇದಕ್ಕಿಂತ ಅರ್ಧ ಗಂಟೆ ಮುಂದೆ. ಅದು ಸಾಲದೆಂದು 1906ರ ಜನವರಿ 1ಕ್ಕೆ ಸರ್ಕಾರ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ತಂದಿತು. ಬಾಂಬೇ ಟೈಮಿಗಿಂತ 39 ನಿಮಿಷ ಮುಂದೆ. ಗಿರಣಿ ಕಾರ್ಮಿಕರು ಗಲಾಟೆ ಎಬ್ಬಿಸಿದರು. ಮಾಡದೆ ಇನ್ನೇನು, ಗಡಿಯಾರ ತಿರುಗಿಸಿದ್ದಕ್ಕೆ ಕತ್ತಲಲ್ಲಿ ಎದ್ದು ಹೋಗಬೇಕಾದವರು ಅವರೇ ತಾನೇ. ನಗರಸಭೆಯೂ ಜಗ್ಗಲಿಲ್ಲ, ಬಾಂಬೇ ಟೈಮನ್ನೇ ಹಿಡಿದುಕೊಂಡಿತು. ಅದು ಪೂರ್ತಿ ಹೋದದ್ದು 1955ರಲ್ಲಿ. ಸುಮಾರು ಐವತ್ತು ವರ್ಷ ಈ ಊರಿನಲ್ಲಿ "ಹತ್ತು ಗಂಟೆಗೆ ಬನ್ನಿ" ಎಂದರೆ ಯಾವ ಹತ್ತು ಎಂದು ಕೇಳಬೇಕಿತ್ತು.

ಸಿಂಕ್ರನಸ್ ಬೇರೆಯದೇ ಜಾತಿ. ಒಂದು ಸಲ ಒಟ್ಟಿಗೆ ಆದರೆ ಸಾಲದು, ಹೆಜ್ಜೆಗೆ ಹೆಜ್ಜೆ ಒಟ್ಟಿಗೆ ಹಾಕುತ್ತಲೇ ಇರಬೇಕು. ಇದು ನನಗೆ ಸರಿಯಾಗಿ ಅರ್ಥವಾದದ್ದು ವಿದ್ಯುತ್ ಇಲಾಖೆಯಲ್ಲಿದ್ದ ನೆಂಟರೊಬ್ಬರ ಬಾಯಿಂದ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿಂದಿತ್ತ ಆಡುತ್ತದೆ. ಗ್ರಿಡ್ಡಿಗೆ, ಅಂದರೆ ಕರೆಂಟು ಸಾಗಿಸುವ ತಂತಿಗಳ ಜಾಲಕ್ಕೆ, ಸೇರಿದ ಜನರೇಟರುಗಳೆಲ್ಲ ಆ ತಾಳಕ್ಕೇ ತಿರುಗಬೇಕು. ಹೊಸದಾಗಿ ಒಂದನ್ನು ಜೋಡಿಸುವಾಗ ಕಂಟ್ರೋಲ್ ರೂಮಿನಲ್ಲಿ ಸಿಂಕ್ರೊಸ್ಕೋಪ್ ಎಂಬ ಮೀಟರು ನೋಡುತ್ತಾರೆ. ಜನರೇಟರಿನ ವೇಗ ಜಾಸ್ತಿ ಇದ್ದರೆ ಮುಳ್ಳು ಒಂದು ಕಡೆಗೆ ಸುತ್ತುತ್ತದೆ, ಕಡಿಮೆ ಇದ್ದರೆ ಇನ್ನೊಂದು ಕಡೆಗೆ. ವೇಗ ಹೊಂದುತ್ತಾ ಬಂದಂತೆ ಸುತ್ತು ನಿಧಾನವಾಗುತ್ತದೆ. ಮುಳ್ಳು ಹನ್ನೆರಡು ಗಂಟೆಯ ಜಾಗಕ್ಕೆ ಬರುತ್ತಿದ್ದಂತೆ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚು ಹಾಕಬೇಕು. ತಪ್ಪಿದ ಜಾಗದಲ್ಲಿ ಹಾಕಿದರೆ ಇಡೀ ಯಂತ್ರ ಗುದ್ದಿದ ಹಾಗೆ ಜಗ್ಗುತ್ತದೆ, ಶಾಫ್ಟ್ ಹಾಳಾದರೂ ಆಯಿತು. "ಆಗ ಉಸಿರು ಬಿಡೋದೂ ಮರೆತುಹೋಗುತ್ತೆ ಮಾರಾಯ" ಎಂದಿದ್ದರು.

2013ರವರೆಗೆ ದಕ್ಷಿಣದ ಗ್ರಿಡ್ಡಿನ ತಾಳ ಒಂದು, ಉಳಿದ ದೇಶದ ತಾಳ ಒಂದು. ಹಾಗೆಂದು ಕರೆಂಟಿನ ಕೊಡುಕೊಳ್ಳುವಿಕೆ ಇರಲಿಲ್ಲವೆಂದಲ್ಲ. ಭದ್ರಾವತಿಯಂಥ ಕಡೆಗಳಲ್ಲಿ ಅತ್ತಿಂದಿತ್ತ ಆಡುವ ಎಸಿ ಕರೆಂಟನ್ನು ಒಂದೇ ಕಡೆಗೆ ಹರಿಯುವ ಡಿಸಿ ಮಾಡಿ, ಮತ್ತೆ ಎಸಿ ಮಾಡಿ ದಾಟಿಸುತ್ತಿದ್ದರು. ನಮ್ಮ ಶಿವಮೊಗ್ಗ ಜಿಲ್ಲೆಯದಲ್ಲ, ಇದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ. ಎರಡೂ ಗ್ರಿಡ್ ಒಂದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದವು, ಆದರೆ ಸಿಂಕ್ರನಸ್ ಆಗಿರಲಿಲ್ಲ. ಆ ವರ್ಷದ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ತಾಳಕ್ಕೆ ಬಂತು. ಗಡಿ ಜಗಳದ ಸುದ್ದಿಯನ್ನೇ ಕೇಳಿ ಬೆಳೆದ ನಮಗೆ ರಾಯಚೂರೂ ಸೊಲ್ಲಾಪುರವೂ ಹೀಗೆ ಜೋಡಿಯಾದದ್ದು ಯಾಕೋ ಖುಷಿ. ಸೊಲ್ಲಾಪುರದಲ್ಲಿ ಮನೆಯಲ್ಲಿ ಕನ್ನಡ ಆಡುವವರು ಎಷ್ಟು ಜನ ಇದ್ದಾರೆ ಎಂದು ಅಲ್ಲಿ ಹೋಗಿ ಇಳಿದವರಿಗೆ ಗೊತ್ತು.

ಕೊಇನ್ಸಿಡೆಂಟ್, ಕನ್ಕಾಮಿಟೆಂಟ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಮೊದಲನೆಯದರ ಬೇರಿನಲ್ಲಿ ಜೊತೆಗೆ ಬೀಳುವುದಿದೆ, ಎರಡನೆಯದರಲ್ಲಿ ಜೊತೆಗಾರನಿದ್ದಾನೆ. ಎರಡನೆಯದು ಹೆಚ್ಚಾಗಿ ಡಾಕ್ಟರರ ಬಾಯಲ್ಲಿ. ಒಂದು ಔಷಧದ ಜೊತೆ ನಡೆಯುತ್ತಿರುವ ಇನ್ನೊಂದು ಔಷಧ ಕನ್ಕಾಮಿಟೆಂಟ್. ಎರಡೂ ಮಾತ್ರೆ ಒಂದೇ ಗುಟುಕಿಗೆ ನುಂಗಬೇಕಿಲ್ಲ, ಚಿಕಿತ್ಸೆಯ ದಿನಗಳು ಒಂದರೊಳಗೊಂದು ಬಂದರೆ ಆಯಿತು.

ಕಂಟೆಂಪರರಿಗೆ ಬರೋಣ, ನಮ್ಮ ಹುಡುಗಿಯ ಪದ. ಇದರ ಅಳತೆ ಮನುಷ್ಯನ ಆಯಸ್ಸು. ಇಬ್ಬರ ಬದುಕು ಒಂದಷ್ಟು ವರ್ಷ ಒಂದರ ಮೇಲೊಂದು ಬಂದರೆ ಅವರು ಸಮಕಾಲೀನರು. ಪರಸ್ಪರ ಹೆಸರು ಕೇಳಿರಬೇಕೆಂದೂ ಇಲ್ಲ. ನ್ಯೂಟನ್ ಗುರುತ್ವಾಕರ್ಷಣೆಯ ನಿಯಮ ಪ್ರಕಟಿಸಿದ್ದು 1687ರಲ್ಲಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟದ್ದು 1689ರಲ್ಲಿ. ಶಾಲೆಯಲ್ಲಿ ಒಂದು ವಿಜ್ಞಾನದ ಪುಸ್ತಕದಲ್ಲಿ, ಇನ್ನೊಂದು ಸಮಾಜದ ಪುಸ್ತಕದಲ್ಲಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ಹೇಳಲಿಲ್ಲ.

ಈ ಪದಕ್ಕೆ ಒಂದು ಕೆಟ್ಟ ಚಾಳಿ ಇದೆ. ಯಾರ ಕಾಲ ಎಂದು ಹೇಳದಿದ್ದರೆ ತಾನಾಗಿ ನಮ್ಮ ಕಾಲಕ್ಕೆ ಅಂಟಿಕೊಳ್ಳುತ್ತದೆ. ಶೇಕ್ಸ್‌ಪಿಯರನ ನಾಟಕವನ್ನು ಕಂಟೆಂಪರರಿ ಉಡುಪಿನಲ್ಲಿ ಆಡಿದರು ಎಂದರೆ ಅವನ ಕಾಲದ ಉಡುಪೋ, ಜೀನ್ಸ್ ಪ್ಯಾಂಟೋ? ಅದಕ್ಕೇ ಕಾಗದಪತ್ರದ ವಿಷಯ ಬಂದರೆ ನಮ್ಮವರು ಕಂಟೆಂಪರೇನಿಯಸ್ ಎನ್ನುತ್ತಾರೆ. ಘಟನೆ ನಡೆದಾಗಲೇ ಬರೆದಿಟ್ಟ ದಾಖಲೆ. ವಿದೇಶದಲ್ಲಿರುವ ತಮ್ಮದೇ ಬಳಗದ ಕಂಪನಿಗಳ ಜೊತೆಗಿನ ವ್ಯವಹಾರಕ್ಕೆ ಬೆಲೆ ಕಟ್ಟುವ ಲೆಕ್ಕಗಳಿಗೆ ಆದಾಯ ತೆರಿಗೆಯಲ್ಲಿ 10ಡಿ ಎಂಬ ನಿಯಮ ಇತ್ತು. ದಾಖಲೆಗಳು ಕಂಟೆಂಪರೇನಿಯಸ್ ಆಗಿರಬೇಕು, "ಸಾಧ್ಯವಾದಷ್ಟು ಮಟ್ಟಿಗೆ" ಎಂದಿತ್ತು ಅದರಲ್ಲಿ. ನಮ್ಮ ಆರ್‌ಬಿಐ ವ್ಯಾಖ್ಯೆಯ ಅಣ್ಣತಮ್ಮ! ಕೊನೆಯ ದಿನದ ಹಿಂದಿನ ರಾತ್ರಿ ಕೂತು ಇಡೀ ವರ್ಷದ ಕಾಗದ ತಯಾರಿಸುವವರು ಹುಟ್ಟಿದ್ದು ಆ ಸಂದಿಯಲ್ಲೇ. ಹೆಸರು ಹೇಳುವುದಿಲ್ಲ. ಒಂದೇ ಪೆನ್ನು, ಒಂದೇ ಕೈಬರಹ, ಹನ್ನೆರಡು ತಿಂಗಳ ತಾರೀಖು. ಆಡಿಟರಿಗೆ ಅಷ್ಟೂ ಕಾಣುವುದಿಲ್ಲ ಅಂದುಕೊಂಡಿರುತ್ತಾರೆ.

ಎಲ್ಲಕ್ಕಿಂತ ಉದಾರ ಪದ ಕೋಈವಲ್. ಒಂದೇ ಯುಗದ್ದು. ಮನುಷ್ಯರಿಗೆ ಹೇಳುವುದು ಕಡಿಮೆ, ಬೆಟ್ಟ, ನಕ್ಷತ್ರ, ಕಲ್ಲುಗಳಿಗೆ ಜಾಸ್ತಿ. ಇದಕ್ಕೆ ಉದಾಹರಣೆ ಹುಡುಕಲು ಮುಂಬಯಿಯವರು ದೂರ ಹೋಗಬೇಕಾಗಿಲ್ಲ. ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಇದೆ. ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟ್ ಗೋಡೆ, ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಮೇಲೆ ಗಾಂವದೇವಿ ಗುಡಿ. ಸುತ್ತ ಬಿಲ್ಡಿಂಗುಗಳು ಮೈಗೆ ಮೈ ತಾಗಿಸಿ ನಿಂತಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಅದು. ಪುಣೆಗೆ ಹೋಗುವಾಗ ಘಾಟಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಬೆಟ್ಟಗಳನ್ನು ಕಟ್ಟಿದ್ದೂ ಅದೇ ಸುಮಾರಿನ ಲಾವಾ. ಮಹಾರಾಷ್ಟ್ರದ ಬಹುಭಾಗ, ನಮ್ಮ ಬೆಳಗಾವಿ, ಬೀದರ್ ಕಡೆಯ ಕಪ್ಪು ಕಲ್ಲು ಎಲ್ಲ ಆ ಕುಟುಂಬದ್ದೇ.

ಆ ಕಾಲದಲ್ಲೇ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಆಕಾಶದಿಂದ ದೊಡ್ಡ ಬಂಡೆ ಬಿತ್ತು, ಡೈನೋಸಾರ್‌ಗಳು ಹೋದವು. ಕೊಂದದ್ದು ಬಂಡೆಯೋ ನಮ್ಮ ಲಾವಾವೋ ಎಂಬುದು ಹಳೆಯ ಜಗಳ. ಅದು ನಿಂತಿರುವುದೇ ಯಾವುದು ಮೊದಲು ಎಂಬುದರ ಮೇಲೆ. 2013ರಲ್ಲಿ ಪಾಲ್ ರೆನ್ನಿ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಬಂಡೆ ಬಿದ್ದದ್ದಕ್ಕೂ ಪ್ರಾಣಿಗಳ ಅಳಿವಿಗೂ ಕಾಲ ಹೊಂದುತ್ತದೆ ಎಂದು ಅಳೆದು ತೋರಿಸಿದರು. ಎಷ್ಟು ಹೊಂದುತ್ತದೆ? 32,000 ವರ್ಷಗಳ ಒಳಗೆ. ಹರಪ್ಪದಿಂದ ಇಲ್ಲಿಯವರೆಗಿನ ಚರಿತ್ರೆಯನ್ನು ಅದರೊಳಗೆ ಆರು ಸಲ ಮಡಚಿ ಇಡಬಹುದು.

ಲಾವಾದ ತಾರೀಖು ಇನ್ನೂ ತಕರಾರಿನಲ್ಲಿದೆ. 2019ರಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳ ಲೇಖನ ಬಂದವು. ಎರಡೂ ತಂಡದವರು ಡೆಕ್ಕನ್ನಿನಿಂದಲೇ ಮಾದರಿ ಒಯ್ದವರು. ಕಲ್ಲಿನ ವಯಸ್ಸು ತಿಳಿಯಲು ಒಬ್ಬರು ಅದರಲ್ಲಿನ ಆರ್ಗಾನ್ ಅಳೆದರು, ಇನ್ನೊಬ್ಬರು ಯುರೇನಿಯಂ ಮತ್ತು ಸೀಸ. ಹೆಚ್ಚಿನ ಲಾವಾ ಹರಿದದ್ದು ಬಂಡೆ ಬಿದ್ದ ಮೇಲೆ ಎಂದು ಮೊದಲಿನವರು. ಬೀಳುವ ಮೊದಲೇ ಒಂದು ದೊಡ್ಡ ಅಲೆ ಬಂದಿತ್ತು ಎಂದು ಎರಡನೆಯವರು. ಆರುವರೆ ಕೋಟಿ ವರ್ಷ ದಾಟಿದ ಲೆಕ್ಕದಲ್ಲಿ ಇವರು ಜಗಳವಾಡುತ್ತಿರುವುದು ಕೆಲವು ಹತ್ತು ಸಾವಿರ ವರ್ಷಗಳಿಗೆ. ಆಡಿಟರಾಗಿ ನನಗೆ ಇಬ್ಬರ ಮೇಲೂ ಗೌರವ. ಅಷ್ಟು ಹಳೆಯ ವೋಚರಿನ ತಾರೀಖನ್ನು ಅಷ್ಟು ಹತ್ತಿರಕ್ಕೆ ತಂದು ನಿಲ್ಲಿಸುವುದು ತಮಾಷೆಯಲ್ಲ.